ಅಮೆರಿಕದ ಕಾಲೇಜಿನಲ್ಲಿ ಕೆಮಿಸ್ಟ್ರಿ: ಲ್ಯಾಬ್ ಯಾವಾಗ ತೆಗೆದುಕೊಳ್ಳಬೇಕು?

"ಚಿಕ್ಕಮ್ಮ, ಲ್ಯಾಬ್ ಮುಂದಿನ ಸೆಮಿಸ್ಟರ್‌ಗೆ ಹಾಕ್ಕೊಂಡ್ರೆ ನಡೆಯುತ್ತೆ ಅಲ್ವಾ? ಬರೀ ಒಂದು ಕ್ರೆಡಿಟ್ಟು."

ಅಕ್ಕನ ಮಗಳು ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಒಗ್ಗರಣೆ ಹಾಕುತ್ತಿದ್ದೆ. ಅರ್ಧ ಕಿವಿಯಲ್ಲಿ ಕೇಳಿಸಿಕೊಂಡು "ಹೂಂ, ನಡೆಯುತ್ತೆ" ಎಂದುಬಿಟ್ಟೆ. ಮೈಸೂರಿನಲ್ಲಿ ಪಿಯುಸಿ ಮುಗಿಸಿ ಅವಳು ಅಮೆರಿಕಕ್ಕೆ ಬಂದು ಆಗ ಎರಡೇ ವಾರ. ಮುಂದಿನ ಸೆಮಿಸ್ಟರ್‌ನಲ್ಲಿ ಆ ಲ್ಯಾಬ್ ಇರಲೇ ಇಲ್ಲ. ಅದು ಚಿಕ್ಕ ಕಾಲೇಜು, ಆ ಲ್ಯಾಬ್ ವರ್ಷಕ್ಕೊಂದು ಸಲ, ಆಗಸ್ಟ್ ಹೊತ್ತಿಗೆ ಶುರುವಾಗುವ ಫಾಲ್ ಸೆಮಿಸ್ಟರ್‌ನಲ್ಲಿ ಮಾತ್ರ. ಲ್ಯಾಬ್ ಆಗದೆ ಮುಂದಿನ ಆರ್ಗ್ಯಾನಿಕ್ ಕೆಮಿಸ್ಟ್ರಿಗೆ ಸೇರಿಸಿಕೊಳ್ಳಲಿಲ್ಲ. ಒಂದು ಕ್ರೆಡಿಟ್ಟಿಗಾಗಿ ಒಂದು ವರ್ಷ ಹಿಂದೆ ಬಿದ್ದಳು. (ಕ್ರೆಡಿಟ್ ಅಂದರೆ ಡಿಗ್ರಿಗೆ ಎಣಿಸುವ ಕೋರ್ಸ್‌ನ ತೂಕ.) ನಾನೋ, ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ನಾಲ್ಕು ವರ್ಷ ಟಿಎ, ಅಂದರೆ ಕಲಿಸುವ ಸಹಾಯಕಿ, ಆಗಿದ್ದವಳು. ಆ ತಪ್ಪಿನ ದಂಡ ಕಟ್ಟುತ್ತಿದ್ದೇನೆ ಅಂದುಕೊಳ್ಳಿ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಕಡೆಯಿಂದ ಬಂದವರಿಗೆ ಈ ಗೊಂದಲ ಸಹಜ. ಪಿಯುಸಿಯಲ್ಲಿ ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30, ಎರಡೂ ಸೇರಿ ಒಂದೇ ವಿಷಯ. ಯಾವ ದಿನ ಪ್ರಾಕ್ಟಿಕಲ್ ಅನ್ನುವುದನ್ನು ಕಾಲೇಜೇ ಟೈಮ್‌ಟೇಬಲ್‌ನಲ್ಲಿ ಬರೆದು ಅಂಟಿಸುತ್ತದೆ. ನಮ್ಮನ್ನು ಯಾರೂ ಕೇಳುವುದಿಲ್ಲ. ಅಮೆರಿಕದ ಬಹಳಷ್ಟು ಕಾಲೇಜುಗಳಲ್ಲಿ ಲೆಕ್ಚರ್ ಒಂದು ಕೋರ್ಸ್, ಲ್ಯಾಬ್ ಇನ್ನೊಂದು ಕೋರ್ಸ್. ನಂಬರ್ ಬೇರೆ, ಗ್ರೇಡ್ ಬೇರೆ, ರಿಜಿಸ್ಟ್ರೇಶನ್ ಬೇರೆ. ಯಾವಾಗ ಯಾವುದು ಅನ್ನುವುದನ್ನು ನೀವೇ ಕೂತು ಹೊಂದಿಸಬೇಕು.

1. ಕೊನೆಯಿಂದ ಹಿಂದಕ್ಕೆ ಬನ್ನಿ

ಮೊದಲ ಸೆಮಿಸ್ಟರ್‌ಗೆ ಏನು ಅನ್ನುವುದಕ್ಕಿಂತ ಮುಂಚೆ, ಒಟ್ಟು ಎಷ್ಟು ಕೆಮಿಸ್ಟ್ರಿ ಬೇಕು ಅಂತ ನೋಡಿ. ಅದು ನಿಮ್ಮ ಮೇಜರ್, ಅಂದರೆ ಡಿಗ್ರಿಯ ಮುಖ್ಯ ವಿಷಯದ ಮೇಲೆ ನಿಂತಿದೆ. ಎಂಜಿನಿಯರಿಂಗ್‌ನ ಹಲವು ವಿಭಾಗಗಳಲ್ಲಿ ಜನರಲ್ ಕೆಮಿಸ್ಟ್ರಿಯ ಒಂದೋ ಎರಡೋ ಸೆಮಿಸ್ಟರ್ ಸಾಕು. ಕೆಮಿಕಲ್ ಎಂಜಿನಿಯರಿಂಗ್‌ಗೆ ಮಾತ್ರ ಜಾಸ್ತಿ. ಬಯಾಲಜಿಯವರಿಗೆ ಸಾಮಾನ್ಯವಾಗಿ ಜನರಲ್ ಒಂದು ವರ್ಷ, ಆಮೇಲೆ ಆರ್ಗ್ಯಾನಿಕ್. ಮೆಡಿಕಲ್ ಸ್ಕೂಲ್ ಕನಸಿದ್ದರೆ ರೂಢಿಯ ಪಟ್ಟಿ ಹೀಗಿದೆ: ಲ್ಯಾಬ್ ಸಮೇತ ಜನರಲ್ ಕೆಮಿಸ್ಟ್ರಿ ಒಂದು ವರ್ಷ, ಲ್ಯಾಬ್ ಸಮೇತ ಆರ್ಗ್ಯಾನಿಕ್ ಒಂದು ವರ್ಷದವರೆಗೆ, ಮೇಲೆ ಬಯೋಕೆಮಿಸ್ಟ್ರಿ. ಒಂದೊಂದು ಸ್ಕೂಲಿನದು ಒಂದೊಂದು ನಿಯಮ, ಆದರೆ ಈ ಪಟ್ಟಿ ಇಟ್ಟುಕೊಂಡು ಹೊರಟರೆ ಮೋಸವಿಲ್ಲ. 2015ರಲ್ಲಿ ಮೆಡಿಕಲ್ ಸ್ಕೂಲ್ ಪ್ರವೇಶದ ಎಂಕ್ಯಾಟ್ ಪರೀಕ್ಷೆ ಬದಲಾದ ಮೇಲೆ ಅದರಲ್ಲಿ ಬಯೋಕೆಮಿಸ್ಟ್ರಿಯ ಪಾಲು ಹೆಚ್ಚಿದೆ. ಹಾಗಾಗಿ ಅದನ್ನು ಪರೀಕ್ಷೆಗೆ ಮುಂಚೆಯೇ ಮುಗಿಸಿರಬೇಕು.

ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಬಂದವರಿಗೆ ಇಲ್ಲೇ ಒಂದು ಮಾತು. ಹೊರದೇಶದ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳದ ಮೆಡಿಕಲ್ ಸ್ಕೂಲ್‌ಗಳು ಅಮೆರಿಕದಲ್ಲಿ ತುಂಬಾ ಇವೆ. ಅದನ್ನು ಮೊದಲೇ ತಿಳಿದುಕೊಂಡು ಈ ದಾರಿ ಹಿಡಿಯಿರಿ.

ಇನ್ನೊಂದು ಬಲೆ ಇದೆ. ಕಾಲೇಜಿನ ಕೋರ್ಸ್ ಪಟ್ಟಿಯಾದ ಕ್ಯಾಟಲಾಗ್‌ನಲ್ಲಿ "ಕೆಮಿಸ್ಟ್ರಿ" ಅಂತ ಹೆಸರಿರುವ ಕೋರ್ಸ್‌ಗಳು ನಾಲ್ಕೈದು ಇರುತ್ತವೆ. ನರ್ಸಿಂಗ್‌ಗೆ ಒಂದು, ಆರ್ಟ್ಸ್ ಓದುವವರಿಗೆ ಇನ್ನೊಂದು, ಸೈನ್ಸ್ ಮತ್ತು ಎಂಜಿನಿಯರಿಂಗ್‌ಗೆ ಬೇರೆ. ಮೊದಲೆರಡನ್ನು ಮುಗಿಸಿದರೆ ಸಾಮಾನ್ಯವಾಗಿ ಆರ್ಗ್ಯಾನಿಕ್‌ಗೆ ಬಾಗಿಲು ತೆರೆಯುವುದಿಲ್ಲ. ಸುಲಭ ಅಂತ ಅದಕ್ಕೆ ಸೇರಿ, ಆಮೇಲೆ ಮತ್ತೆ ಮೊದಲಿಂದ ಶುರು ಮಾಡಿದವರು ನನ್ನ ಲ್ಯಾಬ್‌ನಲ್ಲಿ ಪ್ರತಿ ವರ್ಷ ಇರುತ್ತಿದ್ದರು.

2. ಸರಪಳಿಯನ್ನು ಕಾಗದದ ಮೇಲೆ ಬರೆಯಿರಿ

ಜನರಲ್ 1, ಜನರಲ್ 2, ಆರ್ಗ್ಯಾನಿಕ್ 1, ಆರ್ಗ್ಯಾನಿಕ್ 2, ಬಯೋಕೆಮಿಸ್ಟ್ರಿ. ಇದು ಸರಪಳಿ. ಒಂದು ಕೊಂಡಿ ತಪ್ಪಿದರೆ ಮುಂದಿನದು ಸಿಗುವುದಿಲ್ಲ. ಪ್ರತಿ ಕೊಂಡಿಯ ಪಕ್ಕ ಅದರ ಲ್ಯಾಬ್ ಬರೆಯಿರಿ. ಆಮೇಲೆ ಕ್ಯಾಟಲಾಗ್ ತೆಗೆದು ಎರಡು ಪದ ಹುಡುಕಿ. ಪ್ರೀರಿಕ್ವಿಸಿಟ್ ಅಂದರೆ ಮೊದಲೇ ಮುಗಿಸಿರಬೇಕಾದದ್ದು. ಕೋರಿಕ್ವಿಸಿಟ್ ಅಂದರೆ ಜೊತೆಯಲ್ಲೇ ಓದಬೇಕಾದದ್ದು. ಕೆಲವು ಕಡೆ "ಜೊತೆಗೆ ಅಥವಾ ಮೊದಲೇ" ಎಂದೂ ಇರುತ್ತದೆ. ಲ್ಯಾಬ್ ಯಾವಾಗ ಅನ್ನುವ ಪ್ರಶ್ನೆಗೆ ಮುಕ್ಕಾಲು ಉತ್ತರ ಈ ಎರಡು ಪದಗಳಲ್ಲಿದೆ.

ಒಂದೊಂದು ಯೂನಿವರ್ಸಿಟಿಯದು ಒಂದೊಂದು ಲೆಕ್ಕ. ಇಲಿನಾಯ್ ಯೂನಿವರ್ಸಿಟಿಯ ಅರ್ಬಾನಾ-ಶಾಂಪೇನ್ ಕ್ಯಾಂಪಸ್‌ನಲ್ಲಿ ಕೆಮ್ 102 ಲೆಕ್ಚರ್, 103 ಅದರ ಲ್ಯಾಬ್. 104 ಲೆಕ್ಚರ್, 105 ಲ್ಯಾಬ್. ಜೋಡಿ ಎತ್ತುಗಳ ಹಾಗೆ. ಆಸ್ಟಿನ್‌ನ ಟೆಕ್ಸಸ್ ಯೂನಿವರ್ಸಿಟಿಯಲ್ಲಿ ಸಿಎಚ್ 301, 302 ಎಂಬ ಎರಡು ಲೆಕ್ಚರ್‌ಗಳಿಗೆ ಸೇರಿ ಒಂದೇ ಲ್ಯಾಬ್, ಸಿಎಚ್ 204. ಅದನ್ನು 302ರ ಜೊತೆಗೋ ಆಮೇಲೋ ತೆಗೆದುಕೊಳ್ಳುವುದು. ನ್ಯೂಜೆರ್ಸಿಯ ರಟ್ಗರ್ಸ್‌ನಲ್ಲೂ ಅದೇ ತರಹ: 161, 162 ಲೆಕ್ಚರ್, ಲ್ಯಾಬ್ 171 ಎರಡನೆಯದರ ಹೊತ್ತಿಗೆ. ಸ್ಯಾನ್ ಡಿಯೇಗೋದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ 6ಎ, 6ಬಿ, 6ಸಿ ಎಂದು ಮೂರು ಕ್ವಾರ್ಟರ್ (ಸೆಮಿಸ್ಟರ್‌ಗಿಂತ ಚಿಕ್ಕ ಅವಧಿ). 7ಎಲ್ ಅನ್ನುವ ಲ್ಯಾಬ್ 6ಬಿ ಆದ ಮೇಲೆ. ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಜನರಲ್ ಕೆಮಿಸ್ಟ್ರಿಯ 142, 152, 162ರಲ್ಲಿ ಲ್ಯಾಬ್ ಒಳಗೇ ಸೇರಿದೆ. ಆರ್ಗ್ಯಾನಿಕ್‌ಗೆ ಹೋದಾಗ ಮಾತ್ರ ಬೇರೆಯಾಗುತ್ತದೆ. ನಂಬರ್‌ಗಳು ಆಗಾಗ ಬದಲಾಗುತ್ತವೆ, ಆದ್ದರಿಂದ ನೀವು ಸೇರಿದ ವರ್ಷದ ಕ್ಯಾಟಲಾಗನ್ನೇ ನಂಬಿ. ಸೀನಿಯರ್ ಹೇಳಿದ್ದನ್ನಲ್ಲ.

ಟೆಕ್ಸಸ್‌ನಲ್ಲಿರುವವರಿಗೆ ಒಂದು ಚಿಕ್ಕ ಕೀಲಿಕೈ. ಅಲ್ಲಿನ ಕಮ್ಯುನಿಟಿ ಕಾಲೇಜುಗಳ (ಎರಡು ವರ್ಷದ ಸ್ಥಳೀಯ ಕಾಲೇಜುಗಳು) ಕೋರ್ಸ್ ನಂಬರ್‌ನಲ್ಲಿ ಎರಡನೇ ಅಂಕಿ ಕ್ರೆಡಿಟ್ ಹೇಳುತ್ತದೆ. ಕೆಮ್ 1411 ಅಂದರೆ ಲ್ಯಾಬ್ ಸೇರಿ 4 ಕ್ರೆಡಿಟ್. 1311 ಅಂದರೆ ಬರೀ ಲೆಕ್ಚರ್, 3. 1111 ಅಂದರೆ ಅದರ ಲ್ಯಾಬ್, 1. ಆಸ್ಟಿನ್‌ನ ಯೂನಿವರ್ಸಿಟಿಯಲ್ಲಿ ಮೊದಲ ಅಂಕಿಯೇ ಕ್ರೆಡಿಟ್. ಆದ್ದರಿಂದ 204 ಅಂದರೆ ಎರಡು ಕ್ರೆಡಿಟ್ಟಿನ ಲ್ಯಾಬ್.

ಸರಪಳಿ ಬರೆದ ಮೇಲೆ ಪ್ರತಿ ಲ್ಯಾಬ್‌ನ ಪಕ್ಕ ಒಂದು ಗುರುತು ಹಾಕಿ: ಫಾಲ್, ಸ್ಪ್ರಿಂಗ್ (ಜನವರಿ ಹೊತ್ತಿಗೆ ಶುರುವಾಗುವುದು), ಬೇಸಿಗೆ, ಯಾವ್ಯಾವಾಗ ನಡೆಯುತ್ತದೆ? ಹಿಂದಿನ ಎರಡು ವರ್ಷದ ವೇಳಾಪಟ್ಟಿ ಆನ್‌ಲೈನ್‌ನಲ್ಲೇ ಇರುತ್ತದೆ, ತೆರೆದು ನೋಡಿ. ನನ್ನ ಅಕ್ಕನ ಮಗಳು ಈ ಹತ್ತು ನಿಮಿಷದ ಕೆಲಸ ಮಾಡಿರಲಿಲ್ಲ. ನಾನೂ ಹೇಳಿರಲಿಲ್ಲ.

3. ಎಲ್ಲಿಂದ ಶುರು?

ಅಮೆರಿಕದಲ್ಲೇ ಹೈಸ್ಕೂಲ್ ಓದಿದ ಮಕ್ಕಳು ಎಪಿ ಕೆಮಿಸ್ಟ್ರಿಯಲ್ಲಿ (ಹೈಸ್ಕೂಲ್‌ನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಐದಕ್ಕೆ 4 ಅಥವಾ 5 ತೆಗೆದಿದ್ದರೆ ಎಷ್ಟೋ ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ. ಆದರೆ ಲೆಕ್ಚರ್‌ಗೆ ಕೊಟ್ಟು ಲ್ಯಾಬ್‌ಗೆ ಕೊಡದ ಕಾಲೇಜುಗಳೂ ಇವೆ. ಎಪಿ ತರಗತಿಯ ಲ್ಯಾಬ್ ನೋಟ್‌ಬುಕ್ ಎಸೆಯಬೇಡಿ, ಕೆಲವರು ತೋರಿಸಲು ಕೇಳುತ್ತಾರೆ. ಎಪಿ ಕ್ರೆಡಿಟ್ ಒಪ್ಪದ ಮೆಡಿಕಲ್ ಸ್ಕೂಲ್‌ಗಳೂ ಇವೆ. ಅಂಥ ಕಡೆಗೆ ಹೋಗುವ ಯೋಚನೆಯಿದ್ದರೆ ಮೇಲಿನ ಹಂತದ ಕೆಮಿಸ್ಟ್ರಿಯನ್ನು ಲ್ಯಾಬ್ ಸಮೇತ ಮಾಡಿ ಆ ಜಾಗ ತುಂಬಿಸಿಕೊಳ್ಳುವುದು ವಾಡಿಕೆ.

ಪಿಯುಸಿಯಿಂದ ಬಂದವರಿಗೆ ವಿಷಯ ಗೊತ್ತಿರುತ್ತದೆ. ಮೋಲ್ ಲೆಕ್ಕ, ಈಕ್ವಿಲಿಬ್ರಿಯಮ್, ಎಲೆಕ್ಟ್ರೋಕೆಮಿಸ್ಟ್ರಿ ಎಲ್ಲ ಓದಿಯೇ ಬಂದಿರುತ್ತೀರಿ. ಆದರೂ ಕ್ರೆಡಿಟ್ ತಾನಾಗಿ ಬರುವುದಿಲ್ಲ. ಪ್ಲೇಸ್‌ಮೆಂಟ್ ಪರೀಕ್ಷೆ ಇದ್ದರೆ ಬರೆಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಜನರಲ್ 1 ಬಿಟ್ಟು ಹಾರುವ ಅವಕಾಶ ಸಿಕ್ಕರೂ ಹಾರಬೇಡಿ. ಹೊಸ ದೇಶ, ಹೊಸ ಉಚ್ಚಾರಣೆ, ಹೊಸ ಪರೀಕ್ಷೆ ಕ್ರಮ. ಗೊತ್ತಿರುವ ಪಾಠದ ಮೇಲೆ ಮೊದಲ ಸೆಮಿಸ್ಟರ್ ಕಾಲೂರುವುದು ಒಳ್ಳೆಯದು. ಲ್ಯಾಬ್ ವಿಷಯದಲ್ಲಂತೂ ಇದು ಇನ್ನೂ ನಿಜ. ಸಾಲ್ಟ್ ಅನಾಲಿಸಿಸ್, ಬ್ರೌನ್ ರಿಂಗ್ ಟೆಸ್ಟ್, ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಶನ್ ಮಾಡಿದ ಕೈ ಬ್ಯೂರೆಟ್ ಹಿಡಿಯಲು ಹೆದರುವುದಿಲ್ಲ. ಆದರೆ ತಪ್ಪು ಎಷ್ಟು ಶೇಕಡಾ, ಏಕೆ ಬಂತು ಎಂದು ಎರಡು ಪುಟ ಬರೆಯಿರಿ ಅಂದಾಗ ತಡವರಿಸುತ್ತದೆ.

4. ಒಂದು ಕ್ರೆಡಿಟ್, ಅರ್ಧ ವಾರ

ಇದು ಯಾರೂ ಬಾಯಿ ಬಿಟ್ಟು ಹೇಳದ ಮಾತು. ಮೂರು ಕ್ರೆಡಿಟ್ಟಿನ ಲೆಕ್ಚರ್‌ಗೆ ವಾರಕ್ಕೆ ಸುಮಾರು ಮೂರು ಗಂಟೆ ತರಗತಿ. ಒಂದು ಕ್ರೆಡಿಟ್ಟಿನ ಲ್ಯಾಬ್‌ಗೂ ಹೆಚ್ಚು ಕಡಿಮೆ ಮೂರು ಗಂಟೆ. ಆರ್ಗ್ಯಾನಿಕ್ ಆದರೆ ನಾಲ್ಕಕ್ಕೂ ಏರುತ್ತದೆ. ಹಿಂದಿನ ರಾತ್ರಿ ಪ್ರಿ-ಲ್ಯಾಬ್ ಓದಿ ಕ್ವಿಜ್ ಬರೆಯಲು ಒಂದು ಗಂಟೆ. ಆಮೇಲೆ ರಿಪೋರ್ಟ್, ಶುರುವಿನ ವಾರಗಳಲ್ಲಿ ನಾಲ್ಕು ಗಂಟೆ ಹಿಡಿದರೂ ಆಶ್ಚರ್ಯವಿಲ್ಲ. ವಾರಕ್ಕೆ ಏಳೆಂಟು ಗಂಟೆಯ ಕೆಲಸಕ್ಕೆ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ ಸಿಗುವುದು ಒಂದೇ ಕ್ರೆಡಿಟ್. ಅನ್ಯಾಯ ಅನ್ನಿಸುತ್ತೆ, ಹೌದು. ಆದ್ದರಿಂದ ಸೆಮಿಸ್ಟರ್ ಎಷ್ಟು ಭಾರ ಅಂತ ತೂಗುವಾಗ ಲ್ಯಾಬನ್ನು ಒಂದು ಪೂರ್ತಿ ಕೋರ್ಸ್ ಎಂದೇ ಎಣಿಸಿ. ಒಂದು ಸೆಮಿಸ್ಟರ್‌ಗೆ ಎರಡು ಲ್ಯಾಬ್ ಸರಿ. ಮೂರು ಬೇಡ.

ದಿನದ ಆಯ್ಕೆಯೂ ಮುಖ್ಯ. ಸೋಮವಾರದ ಲ್ಯಾಬ್ ಹಿಡಿದರೆ ಭಾನುವಾರ ರಾತ್ರಿ ಪ್ರಿ-ಲ್ಯಾಬ್‌ಗೆ ಹೋಗುತ್ತದೆ. ಸೆಪ್ಟೆಂಬರ್‌ನ ಲೇಬರ್ ಡೇ, ಜನವರಿಯ ಮಾರ್ಟಿನ್ ಲೂಥರ್ ಕಿಂಗ್ ರಜೆ ಎರಡೂ ಸೋಮವಾರವೇ, ಹಾಗಾಗಿ ನಿಮ್ಮ ಸೆಕ್ಷನ್ ಉಳಿದವರಿಗಿಂತ ಒಂದು ವಾರ ಹಿಂದೆ ಬೀಳಬಹುದು. ಶುಕ್ರವಾರ ಮಧ್ಯಾಹ್ನದ ಸೆಕ್ಷನ್ ಯಾರಿಗೂ ಬೇಡ, ಸೀಟು ಸುಲಭವಾಗಿ ಸಿಗುತ್ತದೆ. ನಾನು ಕಲಿಸಿದ ಶುಕ್ರವಾರದ ಸೆಕ್ಷನ್‌ಗಳಲ್ಲಿ ಪ್ರಶ್ನೆ ಕೇಳಲು ಬಿಡುವು ಜಾಸ್ತಿ ಇರುತ್ತಿತ್ತು, ಏಕೆಂದರೆ ಮುಂದೆ ಯಾರಿಗೂ ಕ್ಲಾಸ್ ಇಲ್ಲ. ನನ್ನ ಮೆಚ್ಚಿನದು ಮಂಗಳವಾರ, ಬುಧವಾರ. ಲ್ಯಾಬ್ ಮುಗಿದ ತಕ್ಷಣ ಇನ್ನೊಂದು ತರಗತಿ ಇಟ್ಟುಕೊಳ್ಳಬೇಡಿ. ಗಾಜಿನ ಸಾಮಾನು ತೊಳೆದು ಹೊರಗೆ ಬರುವ ಹೊತ್ತಿಗೆ ಇಪ್ಪತ್ತು ನಿಮಿಷ ತಡವಾಗಿರುತ್ತದೆ.

5. ಜೊತೆಗೋ, ಆಮೇಲೋ?

ಕಾಲೇಜೇ ಜೋಡಿ ಕಟ್ಟಿದ್ದರೆ ಈ ಪ್ರಶ್ನೆಯೇ ಇಲ್ಲ. ಆಯ್ಕೆ ನಿಮ್ಮದಾಗಿದ್ದರೆ ಮುಂದೆ ಓದಿ.

ಜನರಲ್ ಕೆಮಿಸ್ಟ್ರಿಯಲ್ಲಿ ಜೊತೆಗೇ ಮಾಡಿ. ಕಾರಣ ಸರಳ. ಕ್ಯಾಲೊರಿಮೀಟರ್‌ನಲ್ಲಿ ಬಿಸಿ ಅಳೆದ ವಾರವೇ ತರಗತಿಯಲ್ಲಿ ಥರ್ಮೋಕೆಮಿಸ್ಟ್ರಿ ನಡೆದರೆ ಎರಡೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಯಾವಾಗಲೂ ಹಾಗೇ ಹೊಂದುವುದಿಲ್ಲ ಬಿಡಿ. ಎಷ್ಟೋ ಸಲ ಲ್ಯಾಬ್ ಮುಂದೆ ಓಡುತ್ತದೆ, ಲೆಕ್ಚರ್ ಹಿಂದಿನಿಂದ ಬರುತ್ತದೆ. ಆದರೂ ಒಂದು ವರ್ಷ ಬಿಟ್ಟು ಮಾಡುವುದಕ್ಕಿಂತ ಅದು ವಾಸಿ. ಆರು ತಿಂಗಳು ಕಳೆದ ಮೇಲೆ ಮೊಲಾರಿಟಿ ಲೆಕ್ಕವನ್ನೇ ಮರೆತು ಬಂದವರಿಗೆ ನಾನು ಮೊದಲ ಅರ್ಧ ಗಂಟೆ ಅದನ್ನೇ ಹೇಳಿಕೊಡುತ್ತಿದ್ದೆ.

ಆರ್ಗ್ಯಾನಿಕ್‌ನ ಕಥೆ ಬೇರೆ. ಅಲ್ಲಿ ಲ್ಯಾಬ್ ಒಂದು ಹೆಜ್ಜೆ ಹಿಂದೆ ಇದ್ದರೆ ಒಳ್ಳೆಯದು ಅಂತ ನನ್ನ ನಂಬಿಕೆ. ವಾಷಿಂಗ್ಟನ್ ಯೂನಿವರ್ಸಿಟಿಯವರು ಮಾಡಿರುವುದೂ ಅದನ್ನೇ: 237, 238, 239 ಮೂರು ಲೆಕ್ಚರ್, ಆದರೆ ಮೊದಲ ಲ್ಯಾಬ್ 241 ಬರುವುದು ಎರಡನೇ ಲೆಕ್ಚರ್ 238ರ ಜೊತೆ. ಏಕೆಂದರೆ ಆರ್ಗ್ಯಾನಿಕ್ ಲ್ಯಾಬ್‌ನಲ್ಲಿ ರೀಕ್ರಿಸ್ಟಲೈಸೇಶನ್, ಡಿಸ್ಟಿಲೇಶನ್, ಎಕ್ಸ್‌ಟ್ರಾಕ್ಷನ್ ಅನ್ನುವ ಕೈಕೆಲಸ ಕಲಿಯುವುದು ಒಂದು ಕಡೆ. ಮಾಡಿದ ವಸ್ತು ಯಾವುದೆಂದು ಐಆರ್, ಎನ್ಎಂಆರ್ ಎಂಬ ಯಂತ್ರಗಳು ಕೊಡುವ ಗ್ರಾಫ್ ನೋಡಿ ಹೇಳುವುದು ಇನ್ನೊಂದು ಕಡೆ. ಒಂದು ಲೆಕ್ಚರ್ ಮುಗಿಸಿ ಬಂದವರಿಗೆ ಬೀಕರ್‌ನಲ್ಲಿ ಏನಾಗುತ್ತಿದೆ ಅಂತ ಕಾಣುತ್ತದೆ. ಇಲ್ಲದಿದ್ದರೆ ಸುಮ್ನೆ ಅಡುಗೆ ಪುಸ್ತಕ ನೋಡಿ ಹುಳಿ ಮಾಡಿದ ಹಾಗೆ. ಉಪ್ಪು ಜಾಸ್ತಿಯಾದರೆ ಏನು ಮಾಡಬೇಕು ಗೊತ್ತಾಗುವುದಿಲ್ಲ.

ಲ್ಯಾಬ್ ಮುಂದೂಡಲು ನಾನು ಒಪ್ಪುವ ಕಾರಣಗಳು ಕೆಲವೇ. ಗಣಿತ ಹಿಂದಿದ್ದು ಪ್ರಿಕ್ಯಾಲ್ಕುಲಸ್ ಜೊತೆಗೇ ಓದುತ್ತಿದ್ದರೆ. ಕ್ಯಾಂಪಸ್ ಕೆಲಸ ವಾರಕ್ಕೆ ಇಪ್ಪತ್ತು ಗಂಟೆ ಇದ್ದರೆ. ಆರೋಗ್ಯ ಕೈಕೊಟ್ಟಿದ್ದರೆ. ಅದೇ ಸೆಮಿಸ್ಟರ್‌ನಲ್ಲಿ ಬಯಾಲಜಿ ಲ್ಯಾಬ್, ಫಿಸಿಕ್ಸ್ ಲ್ಯಾಬ್ ಎರಡೂ ಬಂದು ಕೂತಿದ್ದರೆ. ಮುಂದೂಡುವುದೇ ಆದರೆ ಒಂದು ಸೆಮಿಸ್ಟರ್ ಮಾತ್ರ. ಅದಕ್ಕೂ ಮೊದಲು ಮೂರು ಸಂಗತಿ ಖಚಿತ ಮಾಡಿಕೊಳ್ಳಿ: ಮುಂದಿನ ಲೆಕ್ಚರ್‌ಗೆ ಈ ಲ್ಯಾಬ್ ಬೇಕೇ ಬೇಕೇ? ಮುಂದಿನ ಸೆಮಿಸ್ಟರ್‌ನಲ್ಲಿ ಇದು ನಡೆಯುತ್ತದೆಯೇ? ನಡೆದರೆ ಸೀಟು ಯಾರಿಗೆ ಮೊದಲು? ಕೊನೆಯದನ್ನು ಯಾರೂ ಕೇಳುವುದಿಲ್ಲ. ಲೆಕ್ಚರ್ ಹಾಲ್‌ನಲ್ಲಿ ಮುನ್ನೂರು ಜನ ಹಿಡಿಸುತ್ತಾರೆ, ಲ್ಯಾಬ್‌ನ ಒಂದು ಸೆಕ್ಷನ್‌ಗೆ ಇಪ್ಪತ್ತು ಚಿಲ್ಲರೆ ಮಂದಿ. ಜೊತೆಗೆ ಓದುತ್ತಿರುವವರಿಗೇ ಸೀಟು ಸಾಲದಿದ್ದರೆ ಹಳೇ ಬಾಕಿಯವರಿಗೆ ಎಲ್ಲಿಂದ ಬರಬೇಕು?

ಸೆಮಿಸ್ಟರ್ ಪದ್ಧತಿಯಲ್ಲಿ ಬಯಾಲಜಿ ಓದುತ್ತಾ ಮೆಡಿಕಲ್ ಕಡೆ ನೋಡುವವರಿಗೆ ನಾನು ಹಾಕಿಕೊಡುವ ಓಟ ಹೀಗಿರುತ್ತದೆ. ಮೊದಲ ಫಾಲ್‌ನಲ್ಲಿ ಜನರಲ್ 1 ಮತ್ತು ಲ್ಯಾಬ್, ಜೊತೆಗೆ ಕ್ಯಾಲ್ಕುಲಸ್, ಇಂಗ್ಲಿಷ್. ಬೇರೆ ಲ್ಯಾಬ್ ಬೇಡ. ಸ್ಪ್ರಿಂಗ್‌ನಲ್ಲಿ ಜನರಲ್ 2 ಮತ್ತು ಲ್ಯಾಬ್, ಬಯಾಲಜಿ 1 ಲ್ಯಾಬ್ ಸಮೇತ. ಎರಡನೇ ವರ್ಷ ಫಾಲ್‌ಗೆ ಆರ್ಗ್ಯಾನಿಕ್ 1, ಬಯಾಲಜಿ 2 ಲ್ಯಾಬ್ ಸಮೇತ. ಸ್ಪ್ರಿಂಗ್‌ಗೆ ಆರ್ಗ್ಯಾನಿಕ್ 2 ಮತ್ತು ಆರ್ಗ್ಯಾನಿಕ್ ಲ್ಯಾಬ್. ಈ ಸೆಮಿಸ್ಟರ್‌ನಲ್ಲಿ ಉಳಿದದ್ದೆಲ್ಲ ಹಗುರ ಇರಲಿ. ಮೂರನೇ ವರ್ಷ ಬಯೋಕೆಮಿಸ್ಟ್ರಿ, ಫಿಸಿಕ್ಸ್. ಆ ಸ್ಪ್ರಿಂಗ್‌ನಲ್ಲಿ ಎಂಕ್ಯಾಟ್. ಆರ್ಗ್ಯಾನಿಕ್‌ನ ಎರಡು ಸೆಮಿಸ್ಟರ್‌ಗೂ ಬೇರೆ ಬೇರೆ ಲ್ಯಾಬ್ ಇರುವ ಕಾಲೇಜಾದರೆ ಬಯಾಲಜಿ 2 ಅನ್ನು ಆಚೆಗೆ ತಳ್ಳಬೇಕಾಗಬಹುದು.

6. ಬೇಸಿಗೆ ಮತ್ತು ಕಮ್ಯುನಿಟಿ ಕಾಲೇಜು

ಬೇಸಿಗೆಯಲ್ಲಿ ಹದಿನೈದು ವಾರದ ಪಾಠ ಐದಾರು ವಾರಕ್ಕೆ ಇಳಿಯುತ್ತದೆ. ಲ್ಯಾಬ್ ವಾರಕ್ಕೆ ಎರಡು ಮೂರು ಸಲ. ಬರೀ ಅದೊಂದನ್ನೇ ಮಾಡುವುದಾದರೆ ಬಾಕಿ ಉಳಿದ ಲ್ಯಾಬ್ ತೀರಿಸಲು ಒಳ್ಳೆಯ ಕಾಲ. ಆರ್ಗ್ಯಾನಿಕ್ ಲೆಕ್ಚರನ್ನು ಬೇಸಿಗೆಯಲ್ಲಿ ಓದುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. ಅದು ಊರಲು ಸಮಯ ಬೇಕಾದ ಹಿಟ್ಟು.

ಕಮ್ಯುನಿಟಿ ಕಾಲೇಜಿನಲ್ಲಿ ಫೀಸ್ ಕಡಿಮೆ. ಹೋಗುವ ಮುಂಚೆ ನಿಮ್ಮ ಯೂನಿವರ್ಸಿಟಿಯ ಟ್ರಾನ್ಸ್‌ಫರ್ ಪಟ್ಟಿಯಲ್ಲಿ ಆ ಕೋರ್ಸ್ ಯಾವುದಕ್ಕೆ ಸಮ ಎಂದು ನೋಡಿ, ಅಡ್ವೈಸರ್ ಹತ್ತಿರ ಇಮೇಲ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಸಾಲದು. ಲೆಕ್ಚರ್ ಒಂದು ಕಡೆ, ಅದರ ಲ್ಯಾಬ್ ಇನ್ನೊಂದು ಕಡೆ ಮಾಡಬೇಡಿ, ಹೊಂದಿಸುವಾಗ ತಲೆನೋವು. ಆನ್‌ಲೈನ್ ಲ್ಯಾಬ್‌ಗಳನ್ನು ಎಲ್ಲರೂ ಒಪ್ಪುವುದಿಲ್ಲ. ಎಫ್-1ನವರು ಇನ್ನೊಂದು ನೆನಪಿಡಿ: ಫಾಲ್, ಸ್ಪ್ರಿಂಗ್‌ಗಳಲ್ಲಿ ಫುಲ್ ಟೈಮ್ ಲೆಕ್ಕಕ್ಕೆ ಒಂದೇ ಒಂದು ಆನ್‌ಲೈನ್ ಕೋರ್ಸ್ ಸೇರುತ್ತದೆ, ಅದೂ 3 ಕ್ರೆಡಿಟ್‌ವರೆಗೆ.

7. ರಿಜಿಸ್ಟ್ರೇಶನ್ ದಿನ, ಮತ್ತು ಬಿಡಬೇಕಾಗಿ ಬಂದರೆ

ಮೊದಲು ಲ್ಯಾಬ್ ಸೀಟು ಹಿಡಿಯಿರಿ, ಆಮೇಲೆ ಉಳಿದದ್ದನ್ನು ಅದರ ಸುತ್ತ ಜೋಡಿಸಿ. ಬಹಳ ಮಂದಿ ಉಲ್ಟಾ ಮಾಡುತ್ತಾರೆ. ಮೂರು ಸೆಕ್ಷನ್ ನಂಬರ್ ಬರೆದಿಟ್ಟುಕೊಂಡು ಕೂರಿ. ವೇಯ್ಟ್‌ಲಿಸ್ಟ್‌ನಲ್ಲಿದ್ದರೆ ಮೊದಲ ದಿನ ತಪ್ಪದೆ ಹೋಗಿ ನಿಲ್ಲಿ. ಮೊದಲ ಲ್ಯಾಬ್‌ಗೆ ಬಾರದವರ ಹೆಸರು ತೆಗೆಯುವುದು ಎಷ್ಟೋ ಕಡೆ ನಿಯಮ, ಆ ಸೀಟು ನಿಮಗೆ ಬರಬಹುದು. ಊರಿಂದ ವಿಮಾನ ತಡವಾಗಿ ನೀವೇ ಆ ದಿನ ತಪ್ಪಿಸಿಕೊಳ್ಳುವ ಹಾಗಿದ್ದರೆ ಮೊದಲೇ ಬರೆದು ತಿಳಿಸಿ.

ಮಧ್ಯದಲ್ಲಿ ಬಿಡಬೇಕಾಗಿ ಬಂದರೆ ಆತುರ ಬೇಡ. ಲೆಕ್ಚರ್ ಬಿಟ್ಟರೆ ಲ್ಯಾಬ್ ಕೂಡ ತಾನಾಗಿ ಹೋಗುತ್ತದೆಯೇ ಕೇಳಿ. ಎಫ್-1 ಆದರೆ ಸೆಮಿಸ್ಟರ್‌ಗೆ 12 ಕ್ರೆಡಿಟ್ ಇರಲೇಬೇಕು. 13ರಲ್ಲಿದ್ದು ಲೆಕ್ಚರ್, ಲ್ಯಾಬ್ ಎರಡೂ ಬಿಟ್ಟರೆ 9ಕ್ಕೆ ಇಳಿದು ವೀಸಾಕ್ಕೇ ತೊಂದರೆ. ತಪ್ಪು ಹಂತದ ಕೋರ್ಸ್‌ಗೆ ಸೇರಿದ್ದು, ಶುರುವಿನಲ್ಲಿ ಭಾಷೆ ತೊಡಕಾದದ್ದು, ಕಾಯಿಲೆ ಇಂಥ ಕಾರಣಕ್ಕೆ ಕಡಿಮೆ ಕ್ರೆಡಿಟ್‌ಗೆ ಅನುಮತಿ ಉಂಟು. ಆದರೆ ಅದನ್ನು ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಓ (ಎಫ್-1 ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಾಲೇಜಿನ ಅಧಿಕಾರಿ) ಹತ್ತಿರ ಮೊದಲು ಪಡೆಯಬೇಕು, ಆಮೇಲೆ ಕೋರ್ಸ್ ಬಿಡಬೇಕು.

8. ಮೊದಲ ಲ್ಯಾಬ್‌ಗೆ ಮುನ್ನ

ಸೇಫ್ಟಿ ಗಾಗಲ್ ಕೊಳ್ಳುವಾಗ ಮೇಲೆ ಝಡ್87 ಎಂಬ ಗುರುತು ನೋಡಿ, ಪಕ್ಕದಿಂದ ಹನಿ ಒಳಗೆ ಹೋಗದಂತೆ ಮುಚ್ಚಿರಬೇಕು. ಪಾದ ಪೂರ್ತಿ ಮುಚ್ಚುವ ಶೂ, ಉದ್ದ ಪ್ಯಾಂಟ್, ಹತ್ತಿ ಬಟ್ಟೆ. ದುಪಟ್ಟಾ ಬೇಡ, ಸಡಿಲ ಬಳೆ ಬೇಡ, ಜಡೆ ಕಟ್ಟಿರಲಿ. 2008ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್ಎ ಲ್ಯಾಬ್ ಒಂದರಲ್ಲಿ ಬೆಂಕಿ ಹತ್ತಿದಾಗ ಅಲ್ಲಿದ್ದ ಯುವ ಸಹಾಯಕಿ ಲ್ಯಾಬ್ ಕೋಟ್ ಹಾಕಿರಲಿಲ್ಲ, ತೊಟ್ಟಿದ್ದದ್ದು ಸಿಂಥೆಟಿಕ್ ಸ್ವೆಟರ್. ಮುಂದಿನ ತಿಂಗಳು ಅವರು ತೀರಿಕೊಂಡರು. ಅದಾದ ಮೇಲೆ ಅಮೆರಿಕದ ಕಾಲೇಜುಗಳು ಬಟ್ಟೆಯ ವಿಷಯದಲ್ಲಿ ರಿಯಾಯಿತಿ ತೋರಿಸುವುದು ಕಡಿಮೆ. ಶಾರ್ಟ್ಸ್ ಹಾಕಿ ಬಂದವರನ್ನು ನಾನೇ ಬಾಗಿಲಿಂದ ವಾಪಸ್ ಕಳಿಸಿದ್ದೇನೆ, ಆ ದಿನದ ಅಂಕ ಸೊನ್ನೆ.

ನೋಟ್‌ಬುಕ್ ವಿಷಯದಲ್ಲಿ ನಮ್ಮವರು ಎಡವುವುದು ಗ್ಯಾರಂಟಿ. ಪಿಯುಸಿಯಲ್ಲಿ ಹಾಳೆಯ ಮೇಲೆ ರಫ್ ಬರೆದು, ಮನೆಯಲ್ಲಿ ರೆಕಾರ್ಡ್ ಬುಕ್‌ಗೆ ಅಂದವಾಗಿ ಇಳಿಸಿ, ಚಿತ್ರ ಬಿಡಿಸಿ ಸಹಿ ಹಾಕಿಸುತ್ತಿದ್ದೆವು. ಇಲ್ಲಿ ಅದು ತಪ್ಪು. ಕಂಡದ್ದನ್ನು ಕಂಡ ಕ್ಷಣದಲ್ಲೇ ಪೆನ್ನಿನಲ್ಲಿ ನೋಟ್‌ಬುಕ್‌ಗೇ ಬರೆಯಬೇಕು. ತಪ್ಪಾದರೆ ಒಂದೇ ಗೆರೆ ಎಳೆಯಿರಿ, ಕೆಳಗಿನ ಅಂಕಿ ಕಾಣುತ್ತಿರಬೇಕು. ವೈಟ್ನರ್ ಇಲ್ಲ, ಹಾಳೆ ಹರಿಯುವುದಿಲ್ಲ. ಟಿಶ್ಯೂ ಪೇಪರ್ ಮೇಲೆ ತೂಕ ಗೀಚಿಕೊಂಡು "ಆಮೇಲೆ ಇಳಿಸ್ತೀನಿ" ಅಂದ ಒಬ್ಬ ಬೆಂಗಳೂರು ಹುಡುಗನ ಟಿಶ್ಯೂ ನಾನೇ ಕಸದ ಬುಟ್ಟಿಗೆ ಹಾಕಿದ್ದೆ. ಪಾಪ, ಮತ್ತೆ ಮೊದಲಿಂದ ತೂಗಿದ.

ಕೊನೆಯ ವಾರ ಡ್ರಾಯರ್ ಚೆಕ್-ಔಟ್ ಇರುತ್ತದೆ, ಕೋರ್ಸ್ ಮಧ್ಯದಲ್ಲಿ ಬಿಟ್ಟವರಿಗೂ. ಸಾಮಾನು ಎಣಿಸಿ ಒಪ್ಪಿಸದೆ ಹೋದರೆ ದಂಡ ಹಾಕುವ ಕಾಲೇಜುಗಳಿವೆ, ಆ ಬಾಕಿ ನಿಮ್ಮ ಮುಂದಿನ ರಿಜಿಸ್ಟ್ರೇಶನ್‌ಗೇ ಬೀಗ ಹಾಕಬಹುದು. ನೋಟ್‌ಬುಕ್ ಮನೆಗೆ ತನ್ನಿ. ಲೆಕ್ಚರ್ ಮತ್ತು ಲ್ಯಾಬ್ ಎರಡರ ಸಿಲಬಸ್ ಪಿಡಿಎಫ್ ಇಳಿಸಿ ಒಂದು ಫೋಲ್ಡರ್‌ಗೆ ಹಾಕಿ. ಬೇರೆ ಕಾಲೇಜಿಗೆ ಹೋಗುವಾಗ ಅವರು ಕೇಳುವುದು ಅದನ್ನೇ, ಮತ್ತು ಅಷ್ಟರಲ್ಲಿ ಹಳೇ ಕೋರ್ಸ್‌ನ ಪುಟ ನಿಮಗೆ ತೆರೆಯುವುದಿಲ್ಲ.